ಸಿ ಪ್ರೋಗ್ರಾಮಿನಲ್ಲಿ ಟೈಮ್ ಝೋನ್: ಎಲ್ಲ ಯೂನಿಕ್ಸ್‌ಗಳಲ್ಲೂ ಸರಿಯಾಗಿ ನಡೆಯುವಂತೆ ಬರೆಯುವುದು ಹೇಗೆ

ಒಂದು ಸಿ ಪ್ರೋಗ್ರಾಮ್ ಲಿನಕ್ಸಿನಲ್ಲಿ ಸರಿಯಾದ ಸಮಯ ತೋರಿಸುತ್ತದೆ. ಅದನ್ನೇ ಐಬಿಎಂನ ಯೂನಿಕ್ಸ್ ಆದ ಎಐಎಕ್ಸ್‌ಗೆ ಒಯ್ದರೆ ಕಂಪೈಲ್ ಆಗುವುದಿಲ್ಲ. ಆಲ್ಪೈನ್ ಅನ್ನುವ ಚಿಕ್ಕ ಲಿನಕ್ಸಿನ ಕಂಟೇನರಿಗೆ ಹಾಕಿದರೆ ಕಂಪೈಲೂ ಆಗುತ್ತದೆ, ಓಡುತ್ತದೆ ಕೂಡ, ಆದರೆ ಲಾಗೆಲ್ಲ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ) ಬಂದು ಕೂರುತ್ತದೆ, ಎರರ್ ಅಂತ ಎಲ್ಲೂ ಒಂದು ಸಾಲೂ ಇರುವುದಿಲ್ಲ. ಟೈಮ್ ಝೋನ್ ವಿಷಯದಲ್ಲಿ ನಿಜಕ್ಕೂ ಕಾಡುವುದು ಇದೇ. ತಪ್ಪಾದರೆ ಪ್ರೋಗ್ರಾಮ್ ಬಿದ್ದುಹೋಗುವುದಿಲ್ಲ, ತಪ್ಪು ಉತ್ತರ ಕೊಡುತ್ತಾ ಮುಂದುವರಿಯುತ್ತದೆ.

ಈ ಬರಹದ ಉದ್ದಕ್ಕೂ ನಾನು ಹಿಡಿದಿರುವ ನಿಯಮ ಒಂದೇ. ಒಳಗೆ ಎಲ್ಲ ಕಡೆ ಯುಟಿಸಿ ಸೆಕೆಂಡುಗಳನ್ನೇ ಇಟ್ಟುಕೊಳ್ಳಿ. ಝೋನ್ ಅನ್ನುವುದು ಮನುಷ್ಯರಿಂದ ಸಮಯ ಓದುವಾಗ ಮತ್ತು ಮನುಷ್ಯರಿಗೆ ತೋರಿಸುವಾಗ ಮಾತ್ರ ಬರಲಿ. ನಡುವೆ ಎಲ್ಲೂ ಗಂಟೆ ಕೂಡಿಸಿ ಕಳೆಯುವ ಲೆಕ್ಕ ನೀವೇ ಮಾಡಬೇಡಿ.

ಹಂತ 1: ಯಾವುದರಲ್ಲಿ ಝೋನ್ ಇದೆ, ಯಾವುದರಲ್ಲಿ ಇಲ್ಲ

ಟೈಮ್_ಟಿ ಅನ್ನುವ ಟೈಪಿನಲ್ಲಿ ಝೋನ್ ಇಲ್ಲ. ಯೂನಿಕ್ಸ್‌ಗಳಲ್ಲಿ ಅದು 1970ರ ಜನವರಿ 1, ಯುಟಿಸಿ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳು, ಅಷ್ಟೇ. ಲೀಪ್ ಸೆಕೆಂಡುಗಳು ಈ ಎಣಿಕೆಗೆ ಸೇರುವುದಿಲ್ಲ. ಇಬ್ಬರು ಭೂಮಿಯ ಎರಡು ತುದಿಗಳಲ್ಲಿ ಕೂತು ಒಂದೇ ಕ್ಷಣದಲ್ಲಿ ಟೈಮ್ ಫಂಕ್ಷನ್ ಕರೆದರೆ ಇಬ್ಬರಿಗೂ ಒಂದೇ ಸಂಖ್ಯೆ ಸಿಗುತ್ತದೆ. ಹಾಗಾಗಿ "ಟೈಮ್_ಟಿಯನ್ನು ಲೋಕಲ್‌ಗೆ ಬದಲಾಯಿಸಲು 5 ಗಂಟೆ ಕೂಡಿಸು" ಅನ್ನುವ ಕೋಡ್ ಎಲ್ಲಿ ಕಂಡರೂ ಅದನ್ನು ಅಳಿಸಿ.

ಸ್ಟ್ರಕ್ಟ್ ಟಿಎಂ ಬೇರೆ ಥರ. ಅದರಲ್ಲಿ ವರ್ಷ, ತಿಂಗಳು, ದಿನ, ಗಂಟೆ ಬಿಡಿಬಿಡಿಯಾಗಿ ಇರುತ್ತವೆ. ಅವು ಯಾವ ಝೋನಿನವು ಅಂತ ಮೂಲ ಸಿ ಸ್ಟ್ಯಾಂಡರ್ಡಿನ ಪ್ರಕಾರ ಅದರೊಳಗೆ ಬರೆದಿರುವುದಿಲ್ಲ. ನೀವೇ ನೆನಪಿಟ್ಟುಕೊಳ್ಳಬೇಕು. ವೇರಿಯಬಲ್‌ಗೆ ಹೆಸರಿಡುವಾಗಲೇ ಯುಟಿಸಿ ಅಥವಾ ಲೋಕಲ್ ಅಂತ ಸೇರಿಸಿಬಿಡಿ. ಇದು ಸಣ್ಣ ವಿಷಯ, ಆದರೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಒಂದರಿಂದ ಇನ್ನೊಂದಕ್ಕೆ ಹೋಗಲು ನಾಲ್ಕು ದಾರಿ. ಜಿಎಂಟೈಮ್ ಸೆಕೆಂಡುಗಳನ್ನು ಯುಟಿಸಿ ತಾರೀಕಾಗಿ ಬಿಡಿಸುತ್ತದೆ. ಲೋಕಲ್‌ಟೈಮ್ ಸ್ಥಳೀಯ ತಾರೀಕಾಗಿ ಬಿಡಿಸುತ್ತದೆ. ಎಂಕೆಟೈಮ್ ಸ್ಥಳೀಯ ತಾರೀಕನ್ನು ಸೆಕೆಂಡಿಗೆ ತಿರುಗಿಸುತ್ತದೆ. ಯುಟಿಸಿ ತಾರೀಕನ್ನು ಸೆಕೆಂಡಿಗೆ ತಿರುಗಿಸುವ ಟೈಮ್‌ಜಿಎಂ ಮಾತ್ರ ಬಹಳ ಕಾಲ ಸ್ಟ್ಯಾಂಡರ್ಡಿನ ಹೊರಗೇ ಉಳಿದಿತ್ತು. ಸಿ ಸ್ಟ್ಯಾಂಡರ್ಡಿನ ಸಿ23 ಆವೃತ್ತಿಯಲ್ಲಿ ಅದು ಒಳಗೆ ಬಂದಿದೆ.

ಹಂತ 2: ಸಿಸ್ಟಮ್ ತನ್ನ ಝೋನನ್ನು ಎಲ್ಲಿಂದ ತಿಳಿಯುತ್ತದೆ

ಮೊದಲು ನೋಡುವುದು ಟಿಝಡ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್. ಅದು ಇಲ್ಲದಿದ್ದರೆ ಪ್ರತಿ ಸಿಸ್ಟಮ್ ತನ್ನದೇ ಜಾಗ ಹುಡುಕುತ್ತದೆ.

ಲಿನಕ್ಸಿನಲ್ಲಿ ಅದು /ಇಟಿಸಿ/ಲೋಕಲ್‌ಟೈಮ್. ಸಾಮಾನ್ಯವಾಗಿ /ಯುಎಸ್‌ಆರ್/ಶೇರ್/ಝೋನ್‌ಇನ್ಫೋ ಒಳಗಿನ ಒಂದು ಫೈಲಿಗೆ ಇದು ಸಿಮ್‌ಲಿಂಕ್ ಆಗಿರುತ್ತದೆ, ಕೆಲವು ಕಡೆ ನೇರ ಕಾಪಿ. ಝೋನಿನ ಹೆಸರು ಬೇಕು ಅಂತ ಆ ಸಿಮ್‌ಲಿಂಕನ್ನು ಓದುವ ಪ್ರೋಗ್ರಾಮುಗಳಿವೆ. ಕಾಪಿ ಇರುವ ಕಡೆ ಅವು ಸೋಲುತ್ತವೆ. ಡೆಬಿಯನ್ ಕುಟುಂಬದಲ್ಲಿ ಹೆಸರನ್ನು /ಇಟಿಸಿ/ಟೈಮ್‌ಝೋನ್ ಫೈಲಿನಲ್ಲೂ ಇಡುವ ರೂಢಿ ಇತ್ತು, ಆದರೆ ಅದನ್ನೇ ನಂಬಿ ಕೂರಬೇಡಿ.

ಫ್ರೀಬಿಎಸ್‌ಡಿಯಲ್ಲೂ /ಇಟಿಸಿ/ಲೋಕಲ್‌ಟೈಮೇ. ಅದನ್ನು ಟಿಝಡ್‌ಸೆಟಪ್ ಕಮಾಂಡ್ ಇಡುತ್ತದೆ, ಆಯ್ದ ಹೆಸರನ್ನು /ವಾರ್/ಡಿಬಿ/ಝೋನ್‌ಇನ್ಫೋ ಒಳಗೆ ಬರೆದಿಡುತ್ತದೆ. ಮ್ಯಾಕ್‌ಒಎಸ್‌ನಲ್ಲಿ ಅದೇ ಸಿಮ್‌ಲಿಂಕ್ /ವಾರ್/ಡಿಬಿ/ಟೈಮ್‌ಝೋನ್/ಝೋನ್‌ಇನ್ಫೋ ಕಡೆಗೆ ತೋರಿಸುತ್ತದೆ. ಹಾಗಾಗಿ ಝೋನ್ ಫೈಲಿನ ದಾರಿಯನ್ನು ಕೋಡಿನಲ್ಲಿ ಬರೆದುಬಿಡುವುದು ಬೇಡ.

ಸೋಲಾರಿಸ್ ಮತ್ತು ಎಐಎಕ್ಸ್ ಹಳೆಯ ದಾರಿಯವು. ಅಲ್ಲಿ ಟಿಝಡ್ ವೇರಿಯಬಲ್ಲೇ ಮುಖ್ಯ. ಸೋಲಾರಿಸ್ 10ರವರೆಗೆ ಅದರ ಬೆಲೆ /ಇಟಿಸಿ/ಡೀಫಾಲ್ಟ್/ಇನಿಟ್ ಫೈಲಿನಿಂದ ಬರುತ್ತಿತ್ತು, 11ರಲ್ಲಿ ಈ ಕೆಲಸ ಸಿಸ್ಟಮಿನ ಸೇವೆಗಳನ್ನು ನೋಡಿಕೊಳ್ಳುವ ಎಸ್‌ಎಂಎಫ್‌ಗೆ ಹೋಯಿತು. ಎಐಎಕ್ಸ್‌ನಲ್ಲಿ /ಇಟಿಸಿ/ಎನ್ವಿರಾನ್‌ಮೆಂಟ್. ಎಐಎಕ್ಸ್ 6.1ಕ್ಕಿಂತ ಮೊದಲು "ಏಷ್ಯಾ/ಕಠ್ಮಂಡು" ಥರದ ಹೆಸರುಗಳೇ ನಡೆಯುತ್ತಿರಲಿಲ್ಲ, ಪಾಸಿಕ್ಸ್ (ಯೂನಿಕ್ಸ್‌ಗಳ ಸಾಮಾನ್ಯ ಸ್ಟ್ಯಾಂಡರ್ಡ್) ನಿಯಮದ ಸಾಲು ಮಾತ್ರ, ಅದರ ರೂಪ ಹಂತ 3ರಲ್ಲಿದೆ. ಎಚ್‌ಪಿ-ಯುಎಕ್ಸ್‌ನಲ್ಲಿ ನಿಯಮಗಳು /ಯುಎಸ್‌ಆರ್/ಲಿಬ್/ಟಿಝಡ್‌ಟ್ಯಾಬ್ ಅನ್ನುವ ಪಠ್ಯ ಫೈಲಿನಲ್ಲಿರುತ್ತವೆ.

ಇನ್ನು ಆಲ್ಪೈನ್. ಅಲ್ಲಿರುವುದು ಮಸಲ್ ಅನ್ನುವ ಸಿ ಲೈಬ್ರರಿ. ಮಸಲ್‌ಗೂ ಝೋನ್ ಫೈಲ್ ಓದಲು ಬರುತ್ತದೆ, ಆದರೆ ಚಿಕ್ಕ ಇಮೇಜಿನಲ್ಲಿ ಆ ಫೈಲುಗಳನ್ನು ತರುವ ಟಿಝಡ್‌ಡೇಟಾ ಪ್ಯಾಕೇಜೇ ಇರುವುದಿಲ್ಲ. ಫೈಲ್ ಇಲ್ಲದಾಗ ಸುಮ್ನೆ ಯುಟಿಸಿಗೆ ಇಳಿದುಬಿಡುತ್ತದೆ. ಇಮೇಜ್ ಕಟ್ಟುವಾಗಲೇ ಆ ಪ್ಯಾಕೇಜ್ ಸೇರಿಸಿ.

ಹಂತ 3: ಟಿಝಡ್ ಬೆಲೆಯನ್ನು ಸರಿಯಾಗಿ ಬರೆಯುವುದು

ಎರಡು ರೂಪಗಳಿವೆ. ಒಂದು ಹೆಸರು: "ಅಮೆರಿಕಾ/ನ್ಯೂ_ಯಾರ್ಕ್" ಥರ. ಇನ್ನೊಂದು ಪಾಸಿಕ್ಸ್ ಸಾಲು: "ಇಎಸ್‌ಟಿ5ಇಡಿಟಿ,ಎಂ3.2.0,ಎಂ11.1.0".

ಆ ಸಾಲನ್ನು ಬಿಡಿಸಿ ಓದೋಣ. ಇಎಸ್‌ಟಿ ಅನ್ನುವುದು ಸಾಮಾನ್ಯ ಸಮಯದ ಹೆಸರು. 5 ಅಂದರೆ ಯುಟಿಸಿಗೆ ತಲುಪಲು ಕೂಡಿಸಬೇಕಾದ ಗಂಟೆಗಳು. ಇಡಿಟಿ ಅನ್ನುವುದು ಗಡಿಯಾರ ಮುಂದಿಟ್ಟ ಕಾಲದ, ಅಂದರೆ ಡಿಎಸ್‌ಟಿಯ ಹೆಸರು. ಎಂ3.2.0 ಅಂದರೆ ಮಾರ್ಚ್ ತಿಂಗಳ ಎರಡನೇ ಭಾನುವಾರ, ಎಂ11.1.0 ಅಂದರೆ ನವೆಂಬರ್ ತಿಂಗಳ ಮೊದಲ ಭಾನುವಾರ. ವಾರದ ಜಾಗದಲ್ಲಿ 5 ಬರೆದರೆ ತಿಂಗಳ ಕೊನೆಯ ವಾರ ಅಂತ ಅರ್ಥ. ಗಂಟೆ ಬರೆಯದಿದ್ದರೆ ಬೆಳಗಿನ ಜಾವ 2 ಅಂತ ತಿಳಿಯಲಾಗುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಚಿಹ್ನೆ. ಪಾಸಿಕ್ಸ್ ಸಾಲಿನಲ್ಲಿ ಪಶ್ಚಿಮಕ್ಕೆ ಪ್ಲಸ್, ಪೂರ್ವಕ್ಕೆ ಮೈನಸ್. ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವ ಝೋನನ್ನು "ಐಎಸ್‌ಟಿ-5:30" ಅಂತ ಬರೆಯಬೇಕು. "ಇಟಿಸಿ/ಜಿಎಂಟಿ+5" ಅನ್ನುವ ಹೆಸರಿನ ಝೋನೂ ಇದೇ ಪದ್ಧತಿಯದು, ಅದು ಯುಟಿಸಿಗಿಂತ 5 ಗಂಟೆ ಹಿಂದೆ. ನಾವು ದಿನಾ ಬರೆಯುವ +05:30 ರೂಪಕ್ಕೆ ಇದು ಪೂರ್ತಿ ಉಲ್ಟಾ.

ಹೆಸರನ್ನೇ ಬಳಸಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಪಾಸಿಕ್ಸ್ ಸಾಲಿಗೆ ಇತಿಹಾಸ ಗೊತ್ತಿಲ್ಲ, ಅದರಲ್ಲಿ ಒಂದೇ ನಿಯಮ ಹಿಡಿಸುತ್ತದೆ. ಅಮೆರಿಕ 2005ರಲ್ಲಿ ಕಾನೂನು ಮಾಡಿ 2007ರಿಂದ ಗಡಿಯಾರ ಬದಲಿಸುವ ದಿನಗಳನ್ನು ಸರಿಸಿತು. ಹಳೆಯ ನಿಯಮವನ್ನು, ಅಂದರೆ ಏಪ್ರಿಲ್ ಮೊದಲ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅನ್ನುವುದನ್ನು ಸಾಲಾಗಿ ಬರೆದಿಟ್ಟಿದ್ದ ಪ್ರೋಗ್ರಾಮ್ ಆ ವರ್ಷದಿಂದ ಪ್ರತಿ ವರ್ಷ ಕೆಲವು ವಾರ ಒಂದು ಗಂಟೆ ತಪ್ಪು ತೋರಿಸುತ್ತದೆ. ಹೆಸರು ಬಳಸಿದ್ದರೆ ಟಿಝಡ್‌ಡೇಟಾ ಹೊಸದಾಗಿಸಿದರೆ ಸಾಕಿತ್ತು. ಈ ಡೇಟಾವನ್ನು ಆರ್ಥರ್ ಡೇವಿಡ್ ಓಲ್ಸನ್ ಶುರುಮಾಡಿದ್ದು, 2011ರಿಂದ ಇಂಟರ್ನೆಟ್ಟಿನ ಹೆಸರು ಸಂಖ್ಯೆಗಳನ್ನು ನೋಡಿಕೊಳ್ಳುವ ಐಎಎನ್‌ಎ ಆಶ್ರಯದಲ್ಲಿ ನಡೆಯುತ್ತಿದೆ. ಹೆಸರಿನ ರೂಪ ದಶಕಗಳಿಂದ ಬಳಕೆಯಲ್ಲಿದ್ದರೂ ಪಾಸಿಕ್ಸ್ ಅದನ್ನು ಅಧಿಕೃತವಾಗಿ ಒಪ್ಪಿದ್ದು 2024ರ ಆವೃತ್ತಿಯಲ್ಲಿ.

ಮೂರಕ್ಷರದ ಹೆಸರನ್ನು ಗುರುತಾಗಿ ಎಲ್ಲೂ ಉಳಿಸಬೇಡಿ. ಐಎಸ್‌ಟಿ ಅಂದರೆ ಭಾರತವೋ, ಇಸ್ರೇಲೋ, ಐರ್ಲೆಂಡೋ? ಮೂರೂ ಕಡೆ ಅದೇ ಅಕ್ಷರಗಳು.

ತಪ್ಪು ಹೆಸರು ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ಒಮ್ಮೆ ಕಣ್ಣಾರೆ ನೋಡಿ. ಟಿಝಡ್‌ಗೆ "ಫೂ/ಬಾರ್" ಅಂತ ಇಟ್ಟು ಡೇಟ್ ಕಮಾಂಡ್ ಓಡಿಸಿ. ಜಿಲಿಬ್‌ಸಿ ಅನ್ನುವ ಸಿ ಲೈಬ್ರರಿ ಇರುವ ಲಿನಕ್ಸಿನಲ್ಲಿ ಯುಟಿಸಿ ಸಮಯ ಬರುತ್ತದೆ, ಝೋನಿನ ಹೆಸರಿನ ಜಾಗದಲ್ಲಿ "ಫೂ" ಅಂತ ಇರುತ್ತದೆ. ಅಂದರೆ ಒಂದಕ್ಷರ ತಪ್ಪಿದರೂ ಉತ್ತರ ನಂಬುವ ಹಾಗೇ ಕಾಣುತ್ತದೆ! ಬಳಕೆದಾರರು ಝೋನ್ ಹೆಸರು ಕೊಡುವ ಪ್ರೋಗ್ರಾಮ್ ಬರೆಯುತ್ತಿದ್ದರೆ, ಆ ಹೆಸರಿನ ಫೈಲ್ ನಿಜವಾಗಿ ಇದೆಯೇ ಅಂತ ಮೊದಲೇ ಪರೀಕ್ಷಿಸಿ. ಆ ಫೈಲು "ಟಿಝಡ್‌ಐಎಫ್" ಅನ್ನುವ ನಾಲ್ಕು ಬೈಟುಗಳಿಂದ ಶುರುವಾಗಬೇಕು. ಹೆಸರಿನಲ್ಲಿ ".." ಇದ್ದರೆ ಅಥವಾ ಅದು "/"ನಿಂದ ಶುರುವಾದರೆ ತಿರಸ್ಕರಿಸಿ.

ಹಂತ 4: ಸೆಕೆಂಡುಗಳಿಂದ ಸ್ಥಳೀಯ ಸಮಯಕ್ಕೆ

ಲೋಕಲ್‌ಟೈಮ್ ಬಳಸಬೇಡಿ, ಲೋಕಲ್‌ಟೈಮ್_ಆರ್ ಬಳಸಿ. ಮೊದಲನೆಯದು ಒಂದೇ ಒಳಗಿನ ಜಾಗಕ್ಕೆ ಪಾಯಿಂಟರ್ ಕೊಡುತ್ತದೆ. ಎರಡು ಸಲ ಕರೆದರೆ ಮೊದಲ ಉತ್ತರ ಅಳಿಸಿಹೋಗುತ್ತದೆ, ಎರಡು ಥ್ರೆಡ್ ಕರೆದರೆ ಎರಡೂ ಕಲಸಿಹೋಗುತ್ತವೆ. ಜಿಎಂಟೈಮ್ ಕೂಡ ಹಾಗೇ, ಅದರ ಬದಲು ಜಿಎಂಟೈಮ್_ಆರ್.

ಆದರೆ ಎರಡರ ನಡುವೆ ಇನ್ನೊಂದು ವ್ಯತ್ಯಾಸವಿದೆ. ಲೋಕಲ್‌ಟೈಮ್ ಪ್ರತಿ ಸಲವೂ ಝೋನನ್ನು ಓದಿಕೊಳ್ಳುವ ಟಿಝಡ್‌ಸೆಟ್ ಫಂಕ್ಷನ್ ಕರೆದ ಹಾಗೆ ನಡೆದುಕೊಳ್ಳಬೇಕು ಅಂತ ಪಾಸಿಕ್ಸ್ ಹೇಳುತ್ತದೆ. ಲೋಕಲ್‌ಟೈಮ್_ಆರ್‌ಗೆ ಆ ಕಡ್ಡಾಯ ಇಲ್ಲ. ಆದ್ದರಿಂದ ಮೇನ್ ಫಂಕ್ಷನ್ನಿನ ಆರಂಭದಲ್ಲೇ, ಥ್ರೆಡ್‌ಗಳು ಹುಟ್ಟುವ ಮೊದಲು, ಟಿಝಡ್‌ಸೆಟ್ ಒಮ್ಮೆ ಕರೆದುಬಿಡಿ. ಒಂದು ಸಾಲು, ಎಲ್ಲ ಯೂನಿಕ್ಸ್‌ನಲ್ಲೂ ಇದೆ, ಬಿಡಲು ಕಾರಣವೇ ಇಲ್ಲ.

ಇದರಿಂದ ಹುಟ್ಟುವ ಒಂದು ಪರಿಣಾಮ ಗೊತ್ತಿರಲಿ. ತಿಂಗಳುಗಟ್ಟಲೆ ಓಡುವ ಡೀಮನ್ ಇದೆ, ನಡುವೆ ಅಡ್ಮಿನ್ /ಇಟಿಸಿ/ಲೋಕಲ್‌ಟೈಮ್ ಬದಲಿಸಿದರು ಅಂದುಕೊಳ್ಳಿ. ಜಿಲಿಬ್‌ಸಿಯಲ್ಲಿ ಟಿಝಡ್ ಇಡದಿದ್ದರೆ ಲೋಕಲ್‌ಟೈಮ್ ಪ್ರತಿ ಸಲ ಆ ಫೈಲನ್ನು ಸ್ಟ್ಯಾಟ್ ಮಾಡಿ ನೋಡುತ್ತದೆ, ಬದಲಾವಣೆ ಕಾಣುತ್ತದೆ. ಲೋಕಲ್‌ಟೈಮ್_ಆರ್ ಮೊದಲ ಸಲ ಓದಿದ್ದನ್ನೇ ಹಿಡಿದಿರುತ್ತದೆ. ಡೀಮನ್‌ಗೆ ಎಸ್‌ಐಜಿಎಚ್‌ಯುಪಿ ಸಿಗ್ನಲ್ ಬಂದಾಗ ಟಿಝಡ್‌ಸೆಟ್ ಮತ್ತೆ ಕರೆಯುವುದು ಒಳ್ಳೆಯ ಪದ್ಧತಿ. ಆದರೆ ಸಿಗ್ನಲ್ ಹ್ಯಾಂಡ್ಲರ್ ಒಳಗೇ ಕರೆಯಬೇಡಿ. ಅಲ್ಲಿ ಒಂದು ಫ್ಲ್ಯಾಗ್ ಎತ್ತಿ, ಮುಖ್ಯ ಲೂಪಿನಲ್ಲಿ ಕರೆಯಿರಿ. ಹಾಂ, ಆ ಪ್ರತಿ ಸಲದ ಸ್ಟ್ಯಾಟ್ ಲಾಗ್ ಜಾಸ್ತಿ ಬರೆಯುವ ಪ್ರೋಗ್ರಾಮಿಗೆ ಭಾರ ಅನ್ನಿಸಿದರೆ, ಟಿಝಡ್ ಬೆಲೆಯನ್ನು ":/ಇಟಿಸಿ/ಲೋಕಲ್‌ಟೈಮ್" ಅಂತ ಇಟ್ಟರೆ ಅದು ನಿಲ್ಲುತ್ತದೆ.

ಹಂತ 5: ಯುಟಿಸಿಯಿಂದ ಎಷ್ಟು ದೂರ ಅಂತ ಕಂಡುಹಿಡಿಯುವುದು

ಪೋರ್ಟಿಂಗ್ ಕೆಲಸ ನಿಜವಾಗಿ ಒಡೆಯುವುದು ಇಲ್ಲಿ.

ಲಿನಕ್ಸ್, ಬಿಎಸ್‌ಡಿಗಳು, ಮ್ಯಾಕ್‌ಒಎಸ್ ಇವುಗಳಲ್ಲಿ ಸ್ಟ್ರಕ್ಟ್ ಟಿಎಂ ಒಳಗೆ ಟಿಎಂ_ಜಿಎಂಟಿಆಫ್ ಅನ್ನುವ ಸದಸ್ಯ ಇದೆ. ಪೂರ್ವಕ್ಕೆ ಪ್ಲಸ್, ಸೆಕೆಂಡುಗಳಲ್ಲಿ. ಎಐಎಕ್ಸ್‌ನಲ್ಲೂ ಹಳೆಯ ಸೋಲಾರಿಸ್‌ನಲ್ಲೂ ಇಲ್ಲ. ಪಾಸಿಕ್ಸ್ 2024ರಲ್ಲಿ ಅದು ಸ್ಟ್ಯಾಂಡರ್ಡಿಗೆ ಸೇರಿದೆ, ಆದರೆ ಹಳೆಯ ಯಂತ್ರಗಳು ಇನ್ನೂ ಬಹಳ ಕಾಲ ಇರುತ್ತವೆ.

ಇನ್ನೊಂದು ಟೈಮ್‌ಝೋನ್ ಅನ್ನುವ ಗ್ಲೋಬಲ್ ವೇರಿಯಬಲ್. ಇದನ್ನು ನಂಬಬೇಡಿ, ಮೂರು ಕಾರಣಕ್ಕೆ. ಇದರ ಚಿಹ್ನೆ ಉಲ್ಟಾ, ಪಶ್ಚಿಮಕ್ಕೆ ಪ್ಲಸ್. ಇದು ಸಾಮಾನ್ಯ ಸಮಯದ ಅಂತರ ಮಾತ್ರ, ನೀವು ಕೇಳಿದ ಕ್ಷಣದಲ್ಲಿ ಇದ್ದ ಅಂತರ ಅಲ್ಲ. ಮೂರನೆಯದು, ಫ್ರೀಬಿಎಸ್‌ಡಿಯಲ್ಲಿ ಬಹಳ ಕಾಲ ಇದೇ ಹೆಸರಿನಲ್ಲಿ ಒಂದು ಫಂಕ್ಷನ್ ಇತ್ತು. ಲಿನಕ್ಸಿನ ಕೋಡನ್ನು ಅಲ್ಲಿ ಕಂಪೈಲ್ ಮಾಡಿದರೆ ಫಂಕ್ಷನ್ ಪಾಯಿಂಟರಿನಿಂದ ಸಂಖ್ಯೆ ಕಳೆಯಲು ಹೋಗುವ ಪರಿಸ್ಥಿತಿ. ಡೇಲೈಟ್ ವೇರಿಯಬಲ್ ಕೂಡ ಹಾಗೇ, ಅದು "ಈಗ ಡಿಎಸ್‌ಟಿ ನಡೆಯುತ್ತಿದೆ" ಅಂತ ಹೇಳುವುದಿಲ್ಲ, ಈ ಝೋನಿನಲ್ಲಿ ಡಿಎಸ್‌ಟಿ ಅನ್ನುವುದು ಇದೆ ಅಂತ ಮಾತ್ರ ಹೇಳುತ್ತದೆ. ಗೆಟ್‌ಟೈಮ್‌ಆಫ್‌ಡೇ ಫಂಕ್ಷನ್ನಿನ ಎರಡನೇ ಆರ್ಗ್ಯುಮೆಂಟಿನಿಂದ ಝೋನ್ ತೆಗೆಯುವ ಹಳೆಯ ಕೋಡ್ ಸಿಕ್ಕರೆ ಅಲ್ಲಿ ನಲ್ ಇಡಿ. ಆ ದಾರಿ ಯಾವಾಗಲೋ ಮುಚ್ಚಿದೆ.

ಹಾಗಾದರೆ ಎಲ್ಲ ಕಡೆ ನಡೆಯುವ ದಾರಿ ಯಾವುದು? ಸುಮ್ಮನೆ ತೋರಿಸುವುದಕ್ಕಾದರೆ ಸ್ಟ್ರ್‌ಎಫ್‌ಟೈಮ್ ಸಾಕು, %ಝಡ್‌ನ ಚಿಕ್ಕಕ್ಷರದ ರೂಪ ಕೊಟ್ಟರೆ +0545 ಥರ ಬರುತ್ತದೆ. ಲೆಕ್ಕಕ್ಕೆ ಬೇಕಾದರೆ ಹೀಗೆ ಮಾಡಿ: ಟೈಮ್_ಟಿಯನ್ನು ಲೋಕಲ್‌ಟೈಮ್_ಆರ್‌ನಿಂದ ಬಿಡಿಸಿ, ಬಂದ ತಾರೀಕನ್ನು ಯುಟಿಸಿ ಅಂದುಕೊಂಡು ಮತ್ತೆ ಸೆಕೆಂಡಾಗಿ ತಿರುಗಿಸಿ, ಅದರಿಂದ ಮೂಲ ಟೈಮ್_ಟಿಯನ್ನು ಕಳೆಯಿರಿ. ಉಳಿದದ್ದೇ ಆ ಕ್ಷಣದ ಅಂತರ, ಪೂರ್ವಕ್ಕೆ ಪ್ಲಸ್.

ತಿರುಗಿಸಲು ಟೈಮ್‌ಜಿಎಂ ಬೇಕು. ಅದು ಇಲ್ಲದ ಕಡೆ ಟಿಝಡ್ ಅನ್ನು ಯುಟಿಸಿಗೆ ಬದಲಿಸಿ ಎಂಕೆಟೈಮ್ ಕರೆದು ಮತ್ತೆ ಹಿಂದಿನಂತೆ ಇಡುವ ಕೋಡ್ ಬಹಳ ಕಡೆ ಓಡಾಡುತ್ತಿದೆ. ಬೇಡ. ಲೆಕ್ಕವೇ ಸುಲಭವಾಗಿದೆ. ಮಾರ್ಚ್ ತಿಂಗಳಿಂದ ವರ್ಷ ಶುರುವಾಗುತ್ತದೆ ಅಂದುಕೊಂಡರೆ ಫೆಬ್ರವರಿ 29 ವರ್ಷದ ಕೊನೆಗೆ ಹೋಗಿಬಿಡುತ್ತದೆ, ಲೀಪ್ ವರ್ಷದ ತಲೆನೋವು ಹೋಗುತ್ತದೆ. ತಿಂಗಳು 1ರಿಂದ 12 ಅಂತಿಟ್ಟುಕೊಳ್ಳಿ. ಜನವರಿ ಅಥವಾ ಫೆಬ್ರವರಿ ಆದರೆ ವರ್ಷದಿಂದ 1 ಕಳೆಯಿರಿ, ಆಮೇಲೆ:

ತಿ = (ತಿಂಗಳು + 9) % 12
ದಿನಗಳು = 365*ವ + ವ/4 - ವ/100 + ವ/400 + (153*ತಿ + 2)/5 + ದಿ - 1 - 719468

ವ ಅಂದರೆ ವರ್ಷ, ದಿ ಅಂದರೆ ತಾರೀಕು, ಭಾಗಾಕಾರವೆಲ್ಲ ಪೂರ್ಣಾಂಕದ್ದು. ಬರುವುದು 1970ರ ಜನವರಿ 1ರಿಂದ ಎಷ್ಟು ದಿನ ಅಂತ. ಅದನ್ನು 86400ರಿಂದ ಗುಣಿಸಿ ಗಂಟೆ, ನಿಮಿಷ, ಸೆಕೆಂಡು ಸೇರಿಸಿ. ಗುಣಿಸುವ ಮೊದಲು 64 ಬಿಟ್ ಟೈಪಿಗೆ ಹಾಕಿಕೊಳ್ಳಿ. 2000ದ ಜನವರಿ 1ಕ್ಕೆ 946684800 ಬಂದರೆ ನಿಮ್ಮ ಕೋಡ್ ಸರಿ ಇದೆ.

ಆಟೋಕಾನ್ಫ್ ಬಳಸುವವರು ಟಿಎಂ_ಜಿಎಂಟಿಆಫ್ ಇದೆಯೇ ಅಂತ ಕಾನ್ಫಿಗರ್ ಹಂತದಲ್ಲೇ ನೋಡಿ, ಇದ್ದರೆ ನೇರವಾಗಿ ಓದಿ, ಇಲ್ಲದಿದ್ದರೆ ಮೇಲಿನ ದಾರಿ ಹಿಡಿಯಿರಿ. ಆಪರೇಟಿಂಗ್ ಸಿಸ್ಟಮ್ ಹೆಸರು ನೋಡಿ ಊಹಿಸುವುದಕ್ಕಿಂತ ಇದೇ ಮೇಲು.

ಹಂತ 6: ಸ್ಥಳೀಯ ಸಮಯದಿಂದ ಸೆಕೆಂಡುಗಳಿಗೆ

ಎಂಕೆಟೈಮ್ ಕರೆಯುವ ಮೊದಲು ಎರಡು ಕೆಲಸ ಕಡ್ಡಾಯ. ಸ್ಟ್ರಕ್ಟ್ ಟಿಎಂ ಅನ್ನು ಪೂರ್ತಿ ಸೊನ್ನೆ ಮಾಡಿ. ಆಮೇಲೆ ಟಿಎಂ_ಐಎಸ್‌ಡಿಎಸ್‌ಟಿ ಸದಸ್ಯಕ್ಕೆ -1 ಇಡಿ. ಸೊನ್ನೆಯೇ ಇದ್ದರೆ "ಇದು ಡಿಎಸ್‌ಟಿ ಅಲ್ಲದ ಸಮಯ" ಅಂತ ನೀವೇ ಹೇಳಿದ ಹಾಗೆ, ಬೇಸಿಗೆಯ ತಾರೀಕುಗಳು ಒಂದು ಗಂಟೆ ಜರುಗುತ್ತವೆ. -1 ಅಂದರೆ "ನೀನೇ ನೋಡಿ ತೀರ್ಮಾನಿಸು" ಅಂತ.

ವರ್ಷಕ್ಕೆ ಎರಡು ದಿನ ಅದಕ್ಕೂ ಕಷ್ಟ. ನ್ಯೂ ಯಾರ್ಕ್ ಝೋನಿನಲ್ಲಿ 2025ರ ಮಾರ್ಚ್ 9ರಂದು ಬೆಳಗಿನ ಜಾವ 2:30 ಅನ್ನುವ ಸಮಯವೇ ಇರಲಿಲ್ಲ, ಗಡಿಯಾರ 2ರಿಂದ 3ಕ್ಕೆ ಹಾರಿತು. ನವೆಂಬರ್ 2ರಂದು 1:30 ಎರಡು ಸಲ ಬಂತು. ಇಲ್ಲದ 2:30 ಕೊಟ್ಟರೆ ಒಂದು ಲೈಬ್ರರಿ 1:30ಕ್ಕೆ, ಇನ್ನೊಂದು 3:30ಕ್ಕೆ ಸರಿಸಬಹುದು. ಎಂಕೆಟೈಮ್ ನಿಮ್ಮ ಸ್ಟ್ರಕ್ಟನ್ನೇ ತಿದ್ದಿ ಬರೆಯುತ್ತದೆ, ಹಾಗಾಗಿ ಕರೆಯುವ ಮೊದಲು ಒಂದು ಕಾಪಿ ಇಟ್ಟುಕೊಂಡು ಆಮೇಲೆ ಗಂಟೆ ನಿಮಿಷ ಹೋಲಿಸಿ ನೋಡಿ. ಬೇರೆಯಾಗಿದ್ದರೆ ಬಳಕೆದಾರರು ಇಲ್ಲದ ಸಮಯ ಕೊಟ್ಟಿದ್ದಾರೆ ಅಂತ ಗೊತ್ತಾಗುತ್ತದೆ. ಎರಡು ಸಲ ಬರುವ ಸಮಯಕ್ಕೆ ಟಿಎಂ_ಐಎಸ್‌ಡಿಎಸ್‌ಟಿ 1 ಇಟ್ಟು ಒಮ್ಮೆ, 0 ಇಟ್ಟು ಒಮ್ಮೆ ಕರೆಯಿರಿ. ಎರಡರಲ್ಲೂ ಗಂಟೆ ಬದಲಾಗದೆ ಬೇರೆ ಬೇರೆ ಸೆಕೆಂಡು ಬಂದರೆ ಅದು ಇಬ್ಬಗೆಯ ಸಮಯ. ಯಾವುದು ಬೇಕು ಅಂತ ಬಳಕೆದಾರರನ್ನೇ ಕೇಳಿ, ಅಥವಾ ಒಂದು ನಿಯಮ ಮಾಡಿ ಬರೆದಿಡಿ.

ಎಂಕೆಟೈಮ್ ಸೋತಾಗ -1 ಕೊಡುತ್ತದೆ. ಆದರೆ 1969ರ ಡಿಸೆಂಬರ್ 31, ಯುಟಿಸಿ 23:59:59ಕ್ಕೂ ಉತ್ತರ -1ರೇ. ಬೇರ್ಪಡಿಸಲು ಕರೆಯುವ ಮೊದಲು ಟಿಎಂ_ಡಬ್ಲ್ಯೂಡೇಗೆ -1 ಇಡಿ. ಗೆದ್ದಿದ್ದರೆ ಅಲ್ಲಿ ವಾರದ ನಿಜವಾದ ದಿನ ಬಂದಿರುತ್ತದೆ, ಸೋತಿದ್ದರೆ -1 ಹಾಗೇ ಇರುತ್ತದೆ.

ಇದರ ಜೊತೆಗೇ ಎರಡು ಮಾತು. "ನಾಳೆ ಇದೇ ಹೊತ್ತು" ಬೇಕಾದರೆ 86400 ಕೂಡಿಸಬೇಡಿ. ತಾರೀಕು ಇರುವ ಟಿಎಂ_ಎಂಡೇಗೆ 1 ಕೂಡಿಸಿ, ಟಿಎಂ_ಐಎಸ್‌ಡಿಎಸ್‌ಟಿಗೆ -1 ಇಟ್ಟು, ಎಂಕೆಟೈಮ್ ಕರೆಯಿರಿ. ಜನವರಿ 32 ಅಂತಾದರೂ ಅದು ಫೆಬ್ರವರಿ 1 ಮಾಡಿಕೊಳ್ಳುತ್ತದೆ. ಎರಡನೆಯದು, ಸ್ಟ್ರ್‌ಪಿಟೈಮ್ ಬಳಸಿ "+0200" ಇರುವ ತಾರೀಕು ಓದಿದಾಗ ಜಿಲಿಬ್‌ಸಿ ಅದನ್ನು ಟಿಎಂ_ಜಿಎಂಟಿಆಫ್‌ನಲ್ಲಿ ಇಡುತ್ತದೆ, ಆದರೆ ಎಂಕೆಟೈಮ್ ಅದನ್ನು ನೋಡುವುದೇ ಇಲ್ಲ, ಸಿಸ್ಟಮಿನ ಝೋನೇ ಹಿಡಿಯುತ್ತದೆ. ಹಾಗೆ ಬಂದ ಅಂತರವನ್ನು ತೆಗೆದಿಟ್ಟು, ಟೈಮ್‌ಜಿಎಂ ಕರೆದು, ಉತ್ತರದಿಂದ ಅಂತರವನ್ನು ಕಳೆಯಿರಿ. ತಾರೀಕೇ ತನ್ನ ಅಂತರ ಹೊತ್ತು ಬಂದಿರುವ ಈ ಒಂದು ಕಡೆ ಮಾತ್ರ ಕಳೆಯುವ ಲೆಕ್ಕ ನಿಮ್ಮದು.

ಹಂತ 7: ಒಂದೇ ಪ್ರೋಗ್ರಾಮಿನಲ್ಲಿ ಹಲವು ಝೋನ್

ಸೆಟ್‌ಎನ್‌ವಿಯಿಂದ ಟಿಝಡ್ ಬದಲಿಸಿ, ಟಿಝಡ್‌ಸೆಟ್ ಕರೆದು, ಲೋಕಲ್‌ಟೈಮ್_ಆರ್ ಕರೆದರೆ ಬೇರೆ ಝೋನಿನ ಸಮಯ ಸಿಗುತ್ತದೆ. ಥ್ರೆಡ್ ಇಲ್ಲದ ಚಿಕ್ಕ ಪ್ರೋಗ್ರಾಮಿಗೆ ಇಷ್ಟು ಸಾಕು. ಹಳೆಯ ಬೆಲೆಯನ್ನು ಪಾಯಿಂಟರಾಗಿ ಅಲ್ಲ, ಕಾಪಿ ಮಾಡಿ ಇಟ್ಟುಕೊಳ್ಳಿ. ಮೊದಲು ಟಿಝಡ್ ಇರಲೇ ಇಲ್ಲ ಅಂದರೆ ಕೊನೆಗೆ ಖಾಲಿ ಸ್ಟ್ರಿಂಗ್ ಇಡದೆ ಅನ್‌ಸೆಟ್‌ಎನ್‌ವಿ ಮಾಡಿ, ಯಾಕೆಂದರೆ ಖಾಲಿ ಸ್ಟ್ರಿಂಗ್ ಅನ್ನು ಜಿಲಿಬ್‌ಸಿಯಂಥ ಲೈಬ್ರರಿಗಳು ಯುಟಿಸಿ ಅಂತ ತಿಳಿಯುತ್ತವೆ.

ಥ್ರೆಡ್ ಇದ್ದರೆ ಈ ದಾರಿ ಅಪಾಯ. ನೀವು ಮ್ಯೂಟೆಕ್ಸ್ ಹಾಕಿದರೂ ಸಾಲದು, ಯಾಕೆಂದರೆ ಬೇರೆ ಯಾವುದೋ ಲೈಬ್ರರಿ ಅದೇ ಹೊತ್ತಿಗೆ ಗೆಟ್‌ಎನ್‌ವಿ ಕರೆಯುತ್ತಿರಬಹುದು, ಅದಕ್ಕೆ ನಿಮ್ಮ ಬೀಗದ ಸುದ್ದಿಯೇ ಗೊತ್ತಿರುವುದಿಲ್ಲ. ನೆಟ್‌ಬಿಎಸ್‌ಡಿಯಲ್ಲಿ ಇದಕ್ಕೆ ಅಂದವಾದ ಉತ್ತರವಿದೆ: ಟಿಝಡ್‌ಅಲಾಕ್ ಕರೆದರೆ ಒಂದು ಝೋನ್ ವಸ್ತು ಸಿಗುತ್ತದೆ, ಅದನ್ನು ಲೋಕಲ್‌ಟೈಮ್_ಆರ್‌ಝಡ್ ಮತ್ತು ಎಂಕೆಟೈಮ್_ಝಡ್‌ಗೆ ಕೊಡಬಹುದು, ಗ್ಲೋಬಲ್ ಸ್ಥಿತಿ ಮುಟ್ಟುವುದೇ ಇಲ್ಲ. ಬೇರೆ ಯೂನಿಕ್ಸ್‌ಗಳಿಗೆ ಟಿಝಡ್‌ಡೇಟಾ ಜೊತೆಗೇ ಬಿಡುಗಡೆಯಾಗುವ ಟಿಝಡ್‌ಕೋಡ್ ಲೈಬ್ರರಿಯನ್ನು ನಿಮ್ಮ ಪ್ರೋಗ್ರಾಮಿಗೆ ಸೇರಿಸಿಕೊಂಡರೆ ಇವೇ ಫಂಕ್ಷನ್‌ಗಳು ಸಿಗುತ್ತವೆ. ಹಲವು ಝೋನಿನ ಸರ್ವರ್ ಬರೆಯುವವರಿಗೆ ನನ್ನ ಸಲಹೆ ಇದೇ.

ಹಂತ 8: ಏನನ್ನು ಉಳಿಸಿಡಬೇಕು

ನಡೆದುಹೋದ ಘಟನೆಗೆ ಯುಟಿಸಿ ಸೆಕೆಂಡು ಸಾಕು. ಮುಂದೆ ನಡೆಯಬೇಕಾದ ಸಭೆಗೆ ಸಾಲದು. ಅದಕ್ಕೆ ಸ್ಥಳೀಯ ಸಮಯ ಮತ್ತು ಝೋನಿನ ಹೆಸರು ಎರಡನ್ನೂ ಉಳಿಸಿ, ಯಾಕೆಂದರೆ ಆ ದಿನ ಬರುವ ಮೊದಲು ಅಲ್ಲಿನ ಸರ್ಕಾರ ನಿಯಮ ಬದಲಿಸಬಹುದು. ಸಮೋವಾ 2011ರ ಡಿಸೆಂಬರ್ 30 ಅನ್ನುವ ದಿನವನ್ನೇ ಬಿಟ್ಟು 29ರಿಂದ 31ಕ್ಕೆ ಹೋಯಿತು.

32 ಬಿಟ್ ಯಂತ್ರಗಳಿದ್ದರೆ 2038ರ ಜನವರಿ 19, ಯುಟಿಸಿ 03:14:07 ಕೂಡ ನೆನಪಿರಲಿ, ಅದರ ಮುಂದಿನ ಸೆಕೆಂಡುಗಳು 32 ಬಿಟ್ ಟೈಮ್_ಟಿಯಲ್ಲಿ ಹಿಡಿಸುವುದಿಲ್ಲ. ಜಿಲಿಬ್‌ಸಿ 2.34ರಿಂದ 64 ಬಿಟ್ ಟೈಮ್_ಟಿಯನ್ನು ಕಂಪೈಲ್ ಆಯ್ಕೆಯಾಗಿ ಕೊಡುತ್ತದೆ, ಮಸಲ್ 1.2ರಿಂದ ಅದೇ ಡೀಫಾಲ್ಟ್.

ಹಂತ 9: ಪರೀಕ್ಷೆ

ಪರೀಕ್ಷೆಗೆ ಸಿಸ್ಟಮ್ ಗಡಿಯಾರ ಮುಟ್ಟಬೇಕಿಲ್ಲ. ಒಂದೇ ಸಂಖ್ಯೆ ತೆಗೆದುಕೊಳ್ಳಿ: 1700000000. ಟಿಝಡ್ ಅನ್ನು ಪ್ರತಿ ಸಲ ಬದಲಿಸಿ ಪ್ರೋಗ್ರಾಮ್ ಓಡಿಸಿ. ಯುಟಿಸಿಯಲ್ಲಿ 2023ರ ನವೆಂಬರ್ 14, 22:13:20 ಬರಬೇಕು. ನ್ಯೂ ಯಾರ್ಕಿಗೆ ಅದೇ ದಿನ 17:13:20. ಕಠ್ಮಂಡುವಿಗೆ ಮರುದಿನ 03:58:20, ಅಲ್ಲಿ ಅಂತರ 5 ಗಂಟೆ 45 ನಿಮಿಷ. "ಆಸ್ಟ್ರೇಲಿಯಾ/ಲಾರ್ಡ್_ಹೋವ್" ಝೋನಿಗೆ ನವೆಂಬರ್ 15, 09:13:20. ಈ ಕೊನೆಯದನ್ನು ತಪ್ಪದೆ ಇಟ್ಟುಕೊಳ್ಳಿ, ಅಲ್ಲಿ ಡಿಎಸ್‌ಟಿ ಬದಲಾವಣೆ ಅರ್ಧ ಗಂಟೆ ಮಾತ್ರ, ಡಿಎಸ್‌ಟಿ ಅಂದರೆ ಒಂದು ಗಂಟೆ ಅಂತ ಬರೆದಿಟ್ಟ ಕೋಡ್ ಇಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ಉತ್ತರ ತಪ್ಪಿದರೆ ದೋಷ ಕೋಡಿನದೋ ಡೇಟಾದ್ದೋ ಅಂತ ತಿಳಿಯಲು ಝಡ್‌ಡಂಪ್ ಕಮಾಂಡಿಗೆ -ವಿ ಆಯ್ಕೆ ಮತ್ತು ಝೋನ್ ಹೆಸರು ಕೊಡಿ, ಗಡಿಯಾರ ಬದಲಾದ ಪ್ರತಿ ಕ್ಷಣವೂ ಸಾಲಾಗಿ ಬರುತ್ತದೆ. ಈಗಿನ ನಿಯಮ ಮಾತ್ರ ಬೇಕಾದರೆ ಝೋನ್ ಫೈಲಿನ ಕೊನೆಯ ಸಾಲನ್ನು ಟೇಲ್ ಕಮಾಂಡಿನಿಂದ ನೋಡಿ. ಎರಡನೇ ಆವೃತ್ತಿಯಿಂದ ಈಚಿನ ಫೈಲುಗಳಲ್ಲಿ ಅಲ್ಲಿ ಪಾಸಿಕ್ಸ್ ಸಾಲು ಓದುವ ಹಾಗೇ ಇರುತ್ತದೆ. ಎರಡು ಯಂತ್ರಗಳಲ್ಲಿ ಆ ಸಾಲು ಬೇರೆ ಬೇರೆ ಬಂದರೆ, ಒಂದರಲ್ಲಿ ಟಿಝಡ್‌ಡೇಟಾ ಹಳೆಯದಾಗಿದೆ.